ಟೀವಿಯಲ್ಲಿ ‘ನೋ ಸಿಗ್ನಲ್’ ಬಂತೇ? ಬೋರ್ಡ್ ಬದಲಿಸುವ ಮುನ್ನ ಇದನ್ನು ಓದಿ

ನಿನ್ನೆ ರಾತ್ರಿಯವರೆಗೂ ಚೆನ್ನಾಗಿದ್ದ ಟೀವಿ. ಇವತ್ತು ಆನ್ ಮಾಡಿದರೆ ಕಪ್ಪು ಪರದೆ, ಮಧ್ಯದಲ್ಲೊಂದು ಪುಟ್ಟ ಚೌಕ, ಅದರೊಳಗೆ ‘ನೋ ಸಿಗ್ನಲ್’ ಎಂಬ ಎರಡು ಪದ. ಇಂಥ ಹೊತ್ತಿನಲ್ಲಿ ಮನೆಮಂದಿಯೆಲ್ಲ ತಜ್ಞರಾಗಿಬಿಡುತ್ತಾರೆ. ಒಬ್ಬರು ‘ಬೋರ್ಡ್ ಹೋಗಿದೆ’ ಅನ್ನುತ್ತಾರೆ. ಇನ್ನೊಬ್ಬರು ‘ಅಗ್ಗದ ಕೇಬಲ್ ತಂದದ್ದೇ ತಪ್ಪು, ಚಿನ್ನದ ಪಿನ್ ಇರುವುದನ್ನು ತರಬೇಕಿತ್ತು’ ಅನ್ನುತ್ತಾರೆ. ವಾಟ್ಸಾಪ್ ಗುಂಪಿನಲ್ಲಿ ಕೇಳಿದರಂತೂ ಉತ್ತರಕ್ಕಿಂತ ಮೊದಲು ಫಾರ್ವರ್ಡುಗಳು ಬರುತ್ತವೆ. ಇವುಗಳಲ್ಲಿ ಯಾವುದನ್ನು ನಂಬಬೇಕು, ಮೆಕ್ಯಾನಿಕ್‌ಗೆ ಫೋನ್ ಮಾಡುವ ಮೊದಲು ನಾವೇ ಏನನ್ನು ನೋಡಬಹುದು ಎನ್ನುವುದನ್ನು ಇಲ್ಲಿ ವಿವರವಾಗಿ ನೋಡೋಣ.

ಮೊದಲಿಗೆ ಒಂದು ಸಮಾಧಾನದ ಮಾತು. ಪರದೆಯ ಮೇಲೆ ‘ನೋ ಸಿಗ್ನಲ್’ ಎಂಬ ಅಕ್ಷರಗಳು ಸ್ಪಷ್ಟವಾಗಿ ಕಾಣುತ್ತಿವೆ ಎಂದರೆ ಟೀವಿಗೆ ಕರೆಂಟ್ ಬರುತ್ತಿದೆ, ಪರದೆ ಬೆಳಗುತ್ತಿದೆ, ಅಕ್ಷರ ಮೂಡಿಸುವ ಮುಖ್ಯ ಬೋರ್ಡ್ ಕೂಡ ಕೆಲಸ ಮಾಡುತ್ತಿದೆ ಎಂದೇ ಅರ್ಥ. ‘ನಾನು ಸರಿಯಾಗಿದ್ದೇನೆ, ಆದರೆ ಹೊರಗಿನಿಂದ ನನಗೇನೂ ಬರುತ್ತಿಲ್ಲ’ ಎಂದು ಟೀವಿ ಹೇಳುತ್ತಿದೆ. ಇನ್ನೂ ಖಾತ್ರಿ ಬೇಕಿದ್ದರೆ ರಿಮೋಟಿನಲ್ಲಿ ಮೆನು ಅಥವಾ ಸೆಟ್ಟಿಂಗ್ಸ್ ಒತ್ತಿ. ಮೆನು ಸ್ವಚ್ಛವಾಗಿ ಮೂಡಿದರೆ ಪರದೆಗೆ ತೊಂದರೆಯಿಲ್ಲ. ಮೆನುವಿನ ಮೇಲೂ ಗೆರೆಗಳು, ಬಣ್ಣದ ಪಟ್ಟಿಗಳು, ಅರ್ಧ ಕತ್ತಲು ಕಂಡರೆ ಮಾತ್ರ ದೋಷ ಟೀವಿಯೊಳಗಿದೆ. ಆಗ ಎಷ್ಟು ಕೇಬಲ್ ಬದಲಿಸಿದರೂ ಪ್ರಯೋಜನವಿಲ್ಲ. ಹತ್ತು ಸೆಕೆಂಡಿನ ಈ ಪರೀಕ್ಷೆಯನ್ನು ಮಾಡದೆ ಸಾವಿರಾರು ರೂಪಾಯಿಯ ಬೋರ್ಡಿಗೆ ಒಪ್ಪಿಕೊಳ್ಳಬೇಡಿ.

ವೈರಿನೊಳಗೆ ಒಂದು ಮಾತುಕತೆ

ಇಂದಿನ ಟೀವಿ, ಸೆಟ್‌ಟಾಪ್ ಬಾಕ್ಸ್, ಸೌಂಡ್‌ಬಾರ್, ಗೇಮ್ ಕನ್ಸೋಲ್‌ಗಳನ್ನು ಬೆಸೆಯುವುದು ಎಚ್‌ಡಿಎಂಐ ಕೇಬಲ್. ಹಿಟಾಚಿ, ಪ್ಯಾನಸಾನಿಕ್, ಫಿಲಿಪ್ಸ್, ಸಿಲಿಕಾನ್ ಇಮೇಜ್, ಸೋನಿ, ಥಾಮ್ಸನ್ ಮತ್ತು ತೊಶಿಬಾ ಕಂಪನಿಗಳು ಸೇರಿ ರೂಪಿಸಿದ ಇದರ ಮೊದಲ ಆವೃತ್ತಿ ಬಂದದ್ದು 2002ರ ಡಿಸೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಹಳದಿ-ಬಿಳಿ-ಕೆಂಪು ವೈರುಗಳು ಒಂದರ್ಥದಲ್ಲಿ ಮೂಗರು. ಡಿವಿಡಿ ಪ್ಲೇಯರ್ ತನ್ನ ಪಾಡಿಗೆ ಚಿತ್ರವನ್ನು ತಳ್ಳುತ್ತಿತ್ತು, ಟೀವಿ ಬಂದದ್ದನ್ನು ತೋರಿಸುತ್ತಿತ್ತು. ಆ ಕಡೆ ಟೀವಿ ಇದೆಯೋ ಇಲ್ಲವೋ ಎನ್ನುವುದೂ ಪ್ಲೇಯರ್‌ಗೆ ಗೊತ್ತಿರಲಿಲ್ಲ.

ಎಚ್‌ಡಿಎಂಐ ಹಾಗಲ್ಲ. ಅದರ 19 ಪಿನ್ನುಗಳಲ್ಲಿ 12 ಮಾತ್ರ ಚಿತ್ರ ಮತ್ತು ಶಬ್ದ ಸಾಗಿಸುವ ಕೆಲಸಕ್ಕೆ. ಉಳಿದವುಗಳಲ್ಲಿ ಹೆಚ್ಚಿನವು ಎರಡೂ ಕಡೆಯ ಉಪಕರಣಗಳು ಪರಸ್ಪರ ವಿಚಾರಿಸಿಕೊಳ್ಳುವುದಕ್ಕೆ. ಮೊದಲು ಬಾಕ್ಸ್ 18ನೆಯ ಪಿನ್ನಿನಲ್ಲಿ 5 ವೋಲ್ಟ್ ವಿದ್ಯುತ್ ಕಳಿಸುತ್ತದೆ. ಟೀವಿ 19ನೆಯ ಪಿನ್ನಿನ ಮೂಲಕ ‘ನಾನಿದ್ದೇನೆ’ ಎಂದು ಉತ್ತರಿಸುತ್ತದೆ. ಆಗ ಬಾಕ್ಸ್ ಟೀವಿಯ ಜಾತಕವನ್ನು ಓದುತ್ತದೆ. ನಾವು ತಮಾಷೆಗೆ ಜಾತಕ ಎಂದರೂ ಅದರ ನಿಜವಾದ ಹೆಸರು ಇಡಿಐಡಿ. ಕನಿಷ್ಠ 128 ಬೈಟ್‌ನ ಈ ಪುಟ್ಟ ಟಿಪ್ಪಣಿಯಲ್ಲಿ ಟೀವಿಯನ್ನು ಮಾಡಿದ್ದು ಯಾರು, ಎಷ್ಟು ರೆಸಲ್ಯೂಷನ್ ತೋರಿಸಬಲ್ಲದು, ಸೆಕೆಂಡಿಗೆ ಎಷ್ಟು ಚಿತ್ರ ತಾಳಿಕೊಳ್ಳುತ್ತದೆ ಎಂಬ ವಿವರಗಳಿರುತ್ತವೆ. ಅದನ್ನು ನೋಡಿಕೊಂಡು ಬಾಕ್ಸ್ ತನ್ನ ಚಿತ್ರವನ್ನು ಹೊಂದಿಸುತ್ತದೆ.

ಇಷ್ಟಾದ ಮೇಲೆ ಕಳ್ಳತನ ತಡೆಯುವ ತಪಾಸಣೆ. ಎಚ್‌ಡಿಸಿಪಿ ಎಂಬ ಈ ವ್ಯವಸ್ಥೆಯನ್ನು ರೂಪಿಸಿದ್ದು ಇಂಟೆಲ್. ಬಾಕ್ಸ್ ಮತ್ತು ಟೀವಿ ಗುಪ್ತ ಕೀಲಿಗಳನ್ನು ತಾಳೆ ನೋಡಿಕೊಂಡು, ಎದುರಿಗಿರುವುದು ಪರವಾನಗಿ ಪಡೆದ ಉಪಕರಣವೇ, ಸಿನಿಮಾ ನಕಲು ಮಾಡುವ ಯಂತ್ರವಲ್ಲ ತಾನೇ ಎಂದು ಖಚಿತಪಡಿಸಿಕೊಳ್ಳುತ್ತವೆ. ಮಾತುಕತೆ ಮುಗಿಯದೆ ಲಗ್ನಪತ್ರಿಕೆ ಬರೆಯುವುದಿಲ್ಲವಲ್ಲ, ಹಾಗೆಯೇ ಇದೆಲ್ಲ ಮುಗಿದ ಮೇಲಷ್ಟೇ ಚಿತ್ರ ಬರುವುದು. ಟೀವಿ ಆನ್ ಮಾಡಿದಾಗ, ಇನ್‌ಪುಟ್ ಬದಲಿಸಿದಾಗ ಒಂದೆರಡು ಸೆಕೆಂಡು ಪರದೆ ಕಪ್ಪಾಗುವುದು ಇದಕ್ಕೇ. ನಡುವೆ ಹೋಮ್ ಥಿಯೇಟರ್ ರಿಸೀವರ್ ಇದ್ದರೆ ಮಾತುಕತೆ ಎರಡು ಕಡೆ ನಡೆಯಬೇಕು: ಬಾಕ್ಸ್ ರಿಸೀವರ್ ಜೊತೆ, ರಿಸೀವರ್ ಟೀವಿ ಜೊತೆ. ಯಾವುದೇ ಒಂದು ಹಂತದಲ್ಲಿ ಮಾತು ಮುರಿದರೂ ನಮಗೆ ಕಾಣುವುದು ಅದೇ ಕಪ್ಪು ಪರದೆ. ಸುಟ್ಟದ್ದಕ್ಕೂ ಮುನಿಸಿಕೊಂಡದ್ದಕ್ಕೂ ಹೊರಗಿನಿಂದ ವ್ಯತ್ಯಾಸ ಗೊತ್ತಾಗುವುದಿಲ್ಲ. ಗೊಂದಲವೆಲ್ಲ ಶುರುವಾಗುವುದು ಇಲ್ಲಿಯೇ.

ಹುಡುಕುವ ಕ್ರಮ

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ರಿಮೋಟಿನ ಇನ್‌ಪುಟ್ ಅಥವಾ ಸೋರ್ಸ್ ಬಟನ್. ಕೇಬಲ್ ಎರಡನೆಯ ಪೋರ್ಟಿನಲ್ಲಿದ್ದು ಟೀವಿ ಒಂದನೆಯದನ್ನು ನೋಡುತ್ತಾ ಕೂತಿದ್ದರೆ ಸಿಗ್ನಲ್ ಬರುವುದಾದರೂ ಹೇಗೆ? ಓದುಗರಿಗೆ ಇದು ತೀರಾ ಸಣ್ಣ ವಿಷಯ ಅನ್ನಿಸಬಹುದು. ಆದರೆ ಮಕ್ಕಳೋ ಅಜ್ಜಿಯೋ ಗೊತ್ತಿಲ್ಲದೆ ಒತ್ತಿದ ಈ ಒಂದು ಬಟನ್‌ಗಾಗಿ ಮೆಕ್ಯಾನಿಕ್ ಮನೆಗೆ ಬಂದು ಹೋಗುವ ಖರ್ಚು ಕೊಡುವವರು ಇದ್ದಾರೆ.

ಇನ್‌ಪುಟ್ ಸರಿಯಿದ್ದರೆ ಮುಂದಿನದು ಮಾತುಕತೆಯನ್ನು ಮೊದಲಿಂದ ಶುರು ಮಾಡಿಸುವುದು. ರಿಮೋಟಿನಲ್ಲಿ ಆಫ್ ಮಾಡಿದರೆ ಸಾಲದು, ಆಗ ಉಪಕರಣಗಳು ಅರೆನಿದ್ದೆಯಲ್ಲಿರುತ್ತವೆ ಅಷ್ಟೇ. ಟೀವಿ, ರಿಸೀವರ್, ಬಾಕ್ಸ್ ಎಲ್ಲದರ ಸ್ವಿಚ್ಚನ್ನೂ ಗೋಡೆಯಲ್ಲೇ ಆಫ್ ಮಾಡಿ ಎರಡು-ಮೂರು ನಿಮಿಷ ಬಿಡಿ. ಎಚ್‌ಡಿಎಂಐ ಕೇಬಲಿನ ಎರಡೂ ತುದಿಗಳನ್ನು ತೆಗೆದು ಮತ್ತೆ ಗಟ್ಟಿಯಾಗಿ ಕೂರಿಸಿ. ಈ ಪ್ಲಗ್‌ಗೆ ಕೊಕ್ಕೆಯಾಗಲೀ ಸ್ಕ್ರೂ ಆಗಲೀ ಇಲ್ಲ. ಗೋಡೆಗೆ ತೂಗುಹಾಕಿದ ಟೀವಿಯಲ್ಲಿ ಕೇಬಲ್ ತನ್ನ ಭಾರಕ್ಕೇ ಕ್ರಮೇಣ ಸಡಿಲವಾಗುವುದುಂಟು. ಆಮೇಲೆ ಮೊದಲು ಟೀವಿ, ಅದು ಪೂರ್ತಿ ಎದ್ದ ಮೇಲೆ ರಿಸೀವರ್, ಕೊನೆಗೆ ಬಾಕ್ಸ್ – ಈ ಕ್ರಮದಲ್ಲಿ ಆನ್ ಮಾಡಿ. ಬಾಕ್ಸ್ ಎದ್ದು ಕೇಳುವ ಹೊತ್ತಿಗೆ ಜಾತಕ ತೋರಿಸಲು ಟೀವಿ ತಯಾರಾಗಿರಬೇಕಲ್ಲ, ಅದಕ್ಕೆ ಈ ಕ್ರಮ. ‘ಆಫ್ ಮಾಡಿ ಆನ್ ಮಾಡಿ’ ಎನ್ನುವ ಸಲಹೆಯನ್ನು ನಾವೆಲ್ಲ ಗೇಲಿ ಮಾಡುತ್ತೇವೆ. ಆದರೆ ಎಚ್‌ಡಿಎಂಐ ವಿಷಯದಲ್ಲಿ ಅದಕ್ಕೆ ನಿಜವಾದ ಕಾರಣವಿದೆ.

ಆಗಲೂ ಬರಲಿಲ್ಲವೇ? ಹಾಗಾದರೆ ಸರಪಳಿಯನ್ನು ತುಂಡು ಮಾಡಿ ನೋಡಬೇಕು. ಬಾಕ್ಸ್, ಒಂದು ಕೇಬಲ್, ರಿಸೀವರ್, ಇನ್ನೊಂದು ಕೇಬಲ್, ಟೀವಿ ಎಂದು ಐದು ಕೊಂಡಿಗಳಿವೆ ಎಂದುಕೊಳ್ಳಿ. ರಿಸೀವರ್ ತೆಗೆದು, ಬಾಕ್ಸನ್ನು ಅದರದೇ ಕೇಬಲಿನಿಂದ ನೇರವಾಗಿ ಟೀವಿಗೆ ಹಾಕಿ. ಚಿತ್ರ ಬಂದರೆ ಬಾಕ್ಸ್, ಆ ಕೇಬಲ್, ಟೀವಿ ಮೂರೂ ನಿರ್ದೋಷಿ. ದೋಷ ರಿಸೀವರ್‌ನಲ್ಲೋ ಎರಡನೆಯ ಕೇಬಲಿನಲ್ಲೋ ಇದೆ. ಈಗ ಆ ಎರಡನೆಯ ಕೇಬಲಿನಲ್ಲೇ ಬಾಕ್ಸನ್ನು ಟೀವಿಗೆ ಹಾಕಿ ನೋಡಿದರೆ ಆರೋಪಿ ಒಬ್ಬನೇ ಉಳಿಯುತ್ತಾನೆ. ನೇರವಾಗಿ ಹಾಕಿದಾಗಲೂ ಚಿತ್ರ ಬರದಿದ್ದರೆ ಟೀವಿಯ ಬೇರೆ ಪೋರ್ಟ್, ಬೇರೆ ಕೇಬಲ್, ಕೊನೆಗೆ ಪಕ್ಕದ ಮನೆಯ ಬಾಕ್ಸ್. ಒಂದು ನಿಯಮ ಮಾತ್ರ ಮುರಿಯಬೇಡಿ: ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಅವಸರದಲ್ಲಿ ಎಲ್ಲವನ್ನೂ ಒಟ್ಟಿಗೆ ಬದಲಿಸಿ ಚಿತ್ರ ಬರಿಸಿಕೊಂಡರೆ ಕೆಟ್ಟಿದ್ದು ಯಾವುದೆಂದು ಕೊನೆಗೂ ತಿಳಿಯುವುದಿಲ್ಲ, ಕೆಟ್ಟ ಕೇಬಲ್ ಮತ್ತೆ ಡ್ರಾಯರ್ ಸೇರಿ ಮುಂದಿನ ವರ್ಷ ಇನ್ನೊಮ್ಮೆ ಕಾಡುತ್ತದೆ.

ಎರಡು ಸಣ್ಣ ಬಲೆಗಳಿವೆ. ಟೀವಿಯ ಹಿಂದೆ ಸಿಕ್ಕಿಸುವ ಫೈರ್ ಟೀವಿ ಸ್ಟಿಕ್‌ನಂಥವುಗಳಿಗೆ ಕರೆಂಟನ್ನು ಟೀವಿಯ ಯುಎಸ್‌ಬಿ ಪೋರ್ಟಿನಿಂದಲೇ ಕೊಡುವವರು ಬಹಳ. ಸಾಮಾನ್ಯ ಯುಎಸ್‌ಬಿ 2.0 ಪೋರ್ಟಿನ ಮಿತಿ 0.5 ಆಂಪಿಯರ್. ಸ್ಟಿಕ್‌ಗೆ ಅದು ಸಾಲದೆ ಪದೇ ಪದೇ ರೀಸ್ಟಾರ್ಟ್ ಆಗುತ್ತದೆ, ಅಥವಾ ಏಳುವುದೇ ಇಲ್ಲ. ಜೊತೆಗೆ ಬಂದ ಅಡಾಪ್ಟರನ್ನೇ ಬಳಸಿ. ಇನ್ನೊಂದು, 4ಕೆ ಟೀವಿಯಲ್ಲಿದ್ದ ಸಾಧನವನ್ನು ಊರಿನ ಮನೆಯ ಹಳೆಯ ಟೀವಿಗೆ ಹಾಕಿದಾಗ. ಸಾಧನ ಹಳೆಯ ರೆಸಲ್ಯೂಷನ್‌ಗೆ ಅಂಟಿಕೊಂಡಿದ್ದರೆ ಟೀವಿ ‘ಮೋಡ್ ನಾಟ್ ಸಪೋರ್ಟೆಡ್’ ಎಂದುಬಿಡುತ್ತದೆ. ಫೈರ್ ಟೀವಿಯಲ್ಲಾದರೆ ರಿಮೋಟಿನ ಮೇಲ್ಮುಖ ಬಟನ್ ಮತ್ತು ಹಿಂದಕ್ಕೆ ಓಡಿಸುವ ರಿವೈಂಡ್ ಬಟನ್ ಎರಡನ್ನೂ ಐದು ಸೆಕೆಂಡು ಒಟ್ಟಿಗೆ ಒತ್ತಿ ಹಿಡಿದರೆ ಅದು ಒಂದೊಂದೇ ರೆಸಲ್ಯೂಷನ್ ತೋರಿಸುತ್ತಾ ಹೋಗುತ್ತದೆ.

ಚಿನ್ನದ ಪಿನ್ನಿನ ಮಹಿಮೆ

‘ಚಿನ್ನ ಲೇಪಿಸಿದ ದುಬಾರಿ ಕೇಬಲ್ ಹಾಕಿದರೆ ಚಿತ್ರ ಇನ್ನಷ್ಟು ಹೊಳೆಯುತ್ತದೆ.’ ಅಂಗಡಿಯಲ್ಲಿ ಈ ಮಾತು ಕೇಳದವರು ಕಡಿಮೆ. ಇದು ನಿಜವಲ್ಲ.

ಎಚ್‌ಡಿಎಂಐನಲ್ಲಿ ಹರಿಯುವುದು ಸೊನ್ನೆ ಮತ್ತು ಒಂದುಗಳು. ಕಳಿಸಿದ ಸೊನ್ನೆ ಸೊನ್ನೆಯಾಗಿಯೇ ತಲುಪಿದರೆ ನೂರೈವತ್ತು ರೂಪಾಯಿಯ ಕೇಬಲಿಗೂ ಹತ್ತು ಸಾವಿರದ್ದಕ್ಕೂ ಚಿತ್ರದಲ್ಲಿ ಎಳ್ಳಷ್ಟೂ ವ್ಯತ್ಯಾಸವಿರುವುದಿಲ್ಲ. ವಾಟ್ಸಾಪಿನಲ್ಲಿ ಬಂದ ಸಂದೇಶ ಒಳ್ಳೆಯ ನೆಟ್‌ವರ್ಕ್ ಇದ್ದರೆ ಹೆಚ್ಚು ದಪ್ಪ ಅಕ್ಷರದಲ್ಲಿ ಬರುತ್ತದೆಯೇ? ಬಂದರೆ ಬರುತ್ತದೆ, ಇಲ್ಲದಿದ್ದರೆ ಇಲ್ಲ. ಕೇಬಲ್ ಸೋಲುವ ರೀತಿಯೂ ಹಾಗೆಯೇ. ಚಿತ್ರದ ಮೇಲೆ ಮಿಂಚುಹುಳದಂಥ ಬಿಳಿ ಚುಕ್ಕಿಗಳು ಹಾರಾಡುತ್ತವೆ, ಆಗಾಗ ಒಂದೆರಡು ಸೆಕೆಂಡು ಪರದೆ ಕಪ್ಪಾಗಿ ಮರಳುತ್ತದೆ, ಅಥವಾ ಚಿತ್ರವೇ ಬರುವುದಿಲ್ಲ. ಮುಖಗಳು ಮಸುಕಾಗಿವೆ, ಬಣ್ಣ ಸಪ್ಪೆಯಾಗಿದೆ ಎಂದರೆ ಅದಕ್ಕೆ ಕೇಬಲ್ ಕಾರಣವಲ್ಲ; ಟೀವಿಯ ಪಿಕ್ಚರ್ ಸೆಟ್ಟಿಂಗ್ ಅಥವಾ ಚಾನೆಲ್ಲೇ ಕಾರಣ. ಚಿನ್ನದ ಲೇಪ ಮಾಡುವುದು ಒಂದೇ ಕೆಲಸ, ತುಕ್ಕು ತಡೆಯುವುದು. ಕರಾವಳಿಯ ಉಪ್ಪುಗಾಳಿಗೆ ಅದರಿಂದ ಅನುಕೂಲವಿದೆ, ಒಪ್ಪೋಣ. ಆದರೆ ಸಾಧಾರಣ ಬೆಲೆಯ ಕೇಬಲುಗಳಲ್ಲೂ ತೆಳುವಾಗಿ ಚಿನ್ನ ಲೇಪಿಸಿರುತ್ತಾರೆ, ಅದಕ್ಕಾಗಿ ಸಾವಿರಗಟ್ಟಲೆ ಕೊಡಬೇಕಿಲ್ಲ.

ಹಾಗೆಂದು ಎಲ್ಲ ಕೇಬಲ್ ಒಂದೇ ಎಂದೂ ಅಲ್ಲ. ವ್ಯತ್ಯಾಸವಿರುವುದು ವೇಗದಲ್ಲಿ. ಸೆಕೆಂಡಿಗೆ 60 ಚಿತ್ರಗಳ 1080ಪಿ ವಿಡಿಯೊಗೆ ಕೇಬಲಿನಲ್ಲಿ ಸೆಕೆಂಡಿಗೆ ಸುಮಾರು 4.5 ಗಿಗಾಬಿಟ್ ಹರಿಯಬೇಕು. ಅದೇ 4ಕೆ ಆದಾಗ 60 ಚಿತ್ರಗಳಿಗೆ ಸುಮಾರು 17.8 ಗಿಗಾಬಿಟ್. ಹೆಚ್ಚುಕಡಿಮೆ ನಾಲ್ಕು ಪಟ್ಟು! ಎಂಟು ವರ್ಷ ಎಚ್‌ಡಿ ಬಾಕ್ಸ್ ಜೊತೆ ತಕರಾರಿಲ್ಲದೆ ಇದ್ದ ಕೇಬಲ್ ಹೊಸ 4ಕೆ ಬಾಕ್ಸ್ ಬಂದ ದಿನವೇ ಕೈಕೊಡುವುದು ಇದರಿಂದ. ಪರೀಕ್ಷೆ ಸುಲಭ: ಬಾಕ್ಸಿನ ಸೆಟ್ಟಿಂಗಿನಲ್ಲಿ ರೆಸಲ್ಯೂಷನ್ ಅನ್ನು 1080ಪಿಗೆ ಇಳಿಸಿ. ಚುಕ್ಕಿಗಳೂ ಕಪ್ಪುಪರದೆಯೂ ಮಾಯವಾದರೆ ಕೇಬಲ್ ಮೇಲೆ ಅನುಮಾನಪಡಬಹುದು.

ಕೊಳ್ಳುವಾಗ ‘2.0 ಕೇಬಲ್’, ‘2.1 ಕೇಬಲ್’ ಎಂಬ ಅಂಕಿಗಳನ್ನು ನಂಬಬೇಡಿ. ಎಚ್‌ಡಿಎಂಐ ಪರವಾನಗಿ ಸಂಸ್ಥೆಯ ನಿಯಮದ ಪ್ರಕಾರ ಕೇಬಲಿನ ಮೇಲೆ ಆವೃತ್ತಿ ಸಂಖ್ಯೆ ಬರೆಯುವಂತೆಯೇ ಇಲ್ಲ. ಬರೆಯಬೇಕಾದದ್ದು ವೇಗದ ದರ್ಜೆ. 1080ಪಿಗೆ ‘ಹೈ ಸ್ಪೀಡ್’ ಧಾರಾಳ ಸಾಕು. 4ಕೆಯಲ್ಲಿ 60 ಚಿತ್ರಗಳಿಗೆ 18 ಗಿಗಾಬಿಟ್ ತಾಳುವ ‘ಪ್ರೀಮಿಯಂ ಹೈ ಸ್ಪೀಡ್’, ಹೊಸ ಗೇಮ್ ಕನ್ಸೋಲ್ ಇದ್ದರೆ 48 ಗಿಗಾಬಿಟ್‌ನ ‘ಅಲ್ಟ್ರಾ ಹೈ ಸ್ಪೀಡ್’. ಈ ಎರಡು ದರ್ಜೆಗಳ ಪ್ರಮಾಣಿತ ಕೇಬಲಿನ ಪೊಟ್ಟಣದ ಮೇಲೆ ಫೋನಿನಲ್ಲಿ ಸ್ಕ್ಯಾನ್ ಮಾಡಿ ತಾಳೆ ನೋಡಬಹುದಾದ ಲೇಬಲ್ ಇರುತ್ತದೆ.

ಉದ್ದವೂ ಮುಖ್ಯ. ಒಂದೆರಡು ಮೀಟರಿಗೆ ಯಾವ ಚಿಂತೆಯೂ ಇಲ್ಲ. 5 ಮೀಟರ್ ದಾಟಿದರೆ ಸಾಮಾನ್ಯ ತಾಮ್ರದ ಕೇಬಲಿಗೆ 4ಕೆ ಕಷ್ಟವಾಗತೊಡಗುತ್ತದೆ. ಪ್ರೊಜೆಕ್ಟರ್ ಹಾಕಿಸುವವರು ಬೆಳಕಿನ ಎಳೆಯ ಆಪ್ಟಿಕಲ್ ಎಚ್‌ಡಿಎಂಐ ಕೇಬಲ್ ಬಳಸುತ್ತಾರೆ. ಅದಕ್ಕೆ ದಿಕ್ಕು ಇದೆ, ಒಂದು ತುದಿಯಲ್ಲಿ ‘ಸೋರ್ಸ್’ ಎಂದೂ ಇನ್ನೊಂದರಲ್ಲಿ ‘ಡಿಸ್ಪ್ಲೇ’ ಎಂದೂ ಬರೆದಿರುತ್ತದೆ. ತಿರುಗುಮುರುಗಾದರೆ ಚಿತ್ರ ಬರುವುದಿಲ್ಲ. ಮನೆ ಕಟ್ಟಿಸುತ್ತಿರುವವರಿಗೆ ಒಂದು ಕಿವಿಮಾತು: ಕೇಬಲನ್ನು ನೇರವಾಗಿ ಗೋಡೆಯೊಳಗೆ ಹೂತು ಗಾರೆ ಮಾಡಿಸಬೇಡಿ. ಪ್ಲಗ್ ನುಗ್ಗುವಷ್ಟು ಅಗಲದ ಪೈಪ್ ಹಾಕಿಸಿ, ಕೇಬಲ್ ಎಳೆಯುವ ಮೊದಲೇ ನೆಲದ ಮೇಲೆ ಹಾಸಿ ಟೀವಿಗೆ ಜೋಡಿಸಿ ನೋಡಿ.

ಚಿತ್ರ ಬರುತ್ತದೆ, ಆದರೆ...

ಇಡೀ ಪರದೆ ಗುಲಾಬಿ ಅಥವಾ ಹಸಿರಾಗಿದ್ದರೆ ‘ಪ್ಯಾನೆಲ್ ಹೋಯಿತು’ ಎಂದು ಹೆದರುವವರೇ ಹೆಚ್ಚು. ಎಷ್ಟೋ ಸಲ ಅದು ಬಾಕ್ಸ್ ಒಂದು ಬಗೆಯಲ್ಲಿ ಬರೆದ ಬಣ್ಣದ ಲೆಕ್ಕವನ್ನು ಟೀವಿ ಇನ್ನೊಂದು ಬಗೆಯಲ್ಲಿ ಓದಿಕೊಂಡದ್ದರ ಫಲ. ಮೇಲೆ ಹೇಳಿದ ಕ್ರಮದಲ್ಲಿ ಆಫ್-ಆನ್ ಮಾಡಿ, ಕೇಬಲ್ ಬದಲಿಸಿ ನೋಡಿ. ಟೀವಿಯ ಮೆನು ಸರಿಯಾದ ಬಣ್ಣದಲ್ಲಿ ಕಂಡು ಬಾಕ್ಸಿನ ಚಿತ್ರ ಮಾತ್ರ ಹಸಿರಾಗಿದ್ದರೆ ಪ್ಯಾನೆಲ್ ಮೇಲೆ ಅಪವಾದ ಹೊರಿಸಬೇಕಿಲ್ಲ.

4ಕೆ ಟೀವಿ, 4ಕೆ ಬಾಕ್ಸ್, ಒಳ್ಳೆಯ ಕೇಬಲ್ ಎಲ್ಲ ಇದ್ದೂ 1080ಪಿಯೇ ಬರುತ್ತಿದೆಯೇ? ಕಾರಣ ಎರಡಿರಬಹುದು. ಹಲವು ಟೀವಿಗಳಲ್ಲಿ ಎಚ್‌ಡಿಎಂಐ ಪೋರ್ಟಿನ ಪೂರ್ಣ ವೇಗವನ್ನು ನಾವೇ ಸೆಟ್ಟಿಂಗಿನಲ್ಲಿ ಆನ್ ಮಾಡಬೇಕು. ಸ್ಯಾಮ್‌ಸಂಗ್ ಇದನ್ನು ‘ಇನ್‌ಪುಟ್ ಸಿಗ್ನಲ್ ಪ್ಲಸ್’ ಎನ್ನುತ್ತದೆ, ಎಲ್‌ಜಿ ‘ಡೀಪ್ ಕಲರ್’ ಎನ್ನುತ್ತದೆ, ಸೋನಿ ‘ಎನ್‌ಹಾನ್ಸ್ಡ್ ಫಾರ್ಮ್ಯಾಟ್’ ಎನ್ನುತ್ತದೆ. ಇಲ್ಲವಾದರೆ ನಡುವಿನ ರಿಸೀವರ್ ಹಳೆಯದು. 4ಕೆ ಸಿನಿಮಾಗಳಿಗೆ ಎಚ್‌ಡಿಸಿಪಿ 2.2 ಬೇಕು. ಸರಪಳಿಯ ಒಂದೇ ಒಂದು ಕೊಂಡಿಗೆ ಅದು ಗೊತ್ತಿಲ್ಲದಿದ್ದರೂ ಬಾಕ್ಸ್ 4ಕೆ ಕೊಡುವುದಿಲ್ಲ. ಇದಕ್ಕಾಗಿ ಚೆನ್ನಾಗಿ ಹಾಡುತ್ತಿರುವ ರಿಸೀವರನ್ನು ಗುಜರಿಗೆ ಹಾಕಬೇಡಿ. ಬಾಕ್ಸನ್ನು ನೇರವಾಗಿ ಟೀವಿಗೆ ಜೋಡಿಸಿ, ಶಬ್ದವನ್ನು ಮಾತ್ರ ಟೀವಿಯ ‘ಎಆರ್‌ಸಿ’ ಪೋರ್ಟಿನಿಂದ ರಿಸೀವರಿಗೆ ಕೊಡಿ. ಟೀವಿಯಲ್ಲಿ ಸಾಮಾನ್ಯವಾಗಿ ಒಂದೇ ಪೋರ್ಟಿಗೆ ಈ ಸೌಲಭ್ಯವಿರುತ್ತದೆ, ಅದರ ಪಕ್ಕದಲ್ಲೇ ಬರೆದಿರುತ್ತದೆ. ಸೌಂಡ್‌ಬಾರ್ ಸದ್ದು ಮಾಡುತ್ತಿಲ್ಲ ಎಂದಾಗ ಮೊದಲು ನೋಡಬೇಕಾದದ್ದೂ ಕೇಬಲ್ ಅದೇ ಪೋರ್ಟಿನಲ್ಲಿದೆಯೇ ಎಂದು.

‘ಯಾರೂ ಮುಟ್ಟದೆ ಟೀವಿ ತಾನಾಗಿಯೇ ಆನ್ ಆಯಿತು, ಹ್ಯಾಕ್ ಆಗಿದೆ ಎಚ್ಚರ’ ಎನ್ನುವ ಬಗೆಯ ಸಂದೇಶಗಳಿಗೂ ಇಲ್ಲೇ ಉತ್ತರ ಸಿಗಬಹುದು. ಎಚ್‌ಡಿಎಂಐನ 13ನೆಯ ಪಿನ್ ಸಿಇಸಿ ಎಂಬ ಸೌಲಭ್ಯಕ್ಕೆ ಸೇರಿದ್ದು. ಒಂದು ಉಪಕರಣ ಎದ್ದರೆ ಅದು ಉಳಿದವನ್ನೂ ಎಬ್ಬಿಸಬಲ್ಲದು, ಟೀವಿಯ ಇನ್‌ಪುಟ್ ಬದಲಿಸಬಲ್ಲದು. ಸ್ಯಾಮ್‌ಸಂಗ್‌ನಲ್ಲಿ ಅದರ ಹೆಸರು ‘ಎನಿನೆಟ್ ಪ್ಲಸ್’, ಎಲ್‌ಜಿಯಲ್ಲಿ ‘ಸಿಂಪ್ಲಿಂಕ್’, ಸೋನಿಯಲ್ಲಿ ‘ಬ್ರಾವಿಯಾ ಸಿಂಕ್’. ಕಾಟ ಅನ್ನಿಸಿದರೆ ಆಫ್ ಮಾಡಿ, ದೆವ್ವವೂ ಹೋಗುತ್ತದೆ ಹ್ಯಾಕರೂ ಹೋಗುತ್ತಾನೆ. ಆದರೆ ಎಆರ್‌ಸಿ ಶಬ್ದ ಸಾಮಾನ್ಯವಾಗಿ ಇದೇ ಸಿಇಸಿಯನ್ನು ಅವಲಂಬಿಸಿರುತ್ತದೆ, ಸೌಂಡ್‌ಬಾರ್ ಇದ್ದವರು ನೆನಪಿಡಿ.

ಮೂರು ಬಣ್ಣದ ವೈರು, ಮೊಬೈಲಿನ ವೈರು

ಹಳೆಯ ಡಿವಿಡಿ ಪ್ಲೇಯರ್ ಇನ್ನೂ ಇಟ್ಟುಕೊಂಡವರಿಗೆ ಹೊಸ ಟೀವಿಯಲ್ಲಿ ಹಳದಿ ತೂತೇ ಕಾಣುವುದಿಲ್ಲ. ಗಾಬರಿ ಬೇಡ. ಕೆಲವು ಟೀವಿಗಳಲ್ಲಿ ಹಸಿರು ಸಾಕೆಟ್ಟೇ ಹಳದಿಯ ಕೆಲಸವನ್ನೂ ಮಾಡುತ್ತದೆ, ಹಸಿರಿನ ಸುತ್ತ ಹಳದಿ ಗೆರೆಯೋ ‘ವಿಡಿಯೊ’ ಎಂಬ ಬರಹವೋ ಇರುತ್ತದೆ. ಇನ್‌ಪುಟ್‌ನಲ್ಲಿ ‘ಕಾಂಪೊನೆಂಟ್’ ಬದಲು ‘ಎವಿ’ ಆರಿಸಿ, ಇಲ್ಲವಾದರೆ ಚಿತ್ರ ಕಪ್ಪುಬಿಳುಪಾಗಿ ಬರಬಹುದು. ಇನ್ನು ಕೆಲವು ಟೀವಿಗಳಲ್ಲಿ ಇಯರ್‌ಫೋನ್ ತೂತಿನಂಥದ್ದಕ್ಕೆ ಜೋಡಿಸುವ ಪುಟ್ಟ ವೈರು ಬರುತ್ತದೆ. ಅದರ ಪಿನ್ನಿನ ಮೇಲಿನ ಉಂಗುರಗಳ ಕ್ರಮ ಕಂಪನಿಯಿಂದ ಕಂಪನಿಗೆ ಬೇರೆ. ಹೊರಗೆ ಕೊಂಡ ವೈರಿನಲ್ಲಿ ಚಿತ್ರ ಬರದಿದ್ದರೆ ಹಳದಿ ಪ್ಲಗ್ಗನ್ನು ಕೆಂಪು ಅಥವಾ ಬಿಳಿ ಜಾಗಕ್ಕೆ ಹಾಕಿ ನೋಡಿ, ಏನೂ ಸುಡುವುದಿಲ್ಲ.

ಮೊಬೈಲಿನ ಬಗ್ಗೆಯೂ ಒಂದು ಮಾತು. ಆನ್‌ಲೈನಿನಲ್ಲಿ ಮುನ್ನೂರು ರೂಪಾಯಿಗೆ ಸಿಗುವ ‘ಮೊಬೈಲ್ ಟು ಟೀವಿ’ ಕೇಬಲ್ ಎಲ್ಲ ಫೋನುಗಳಲ್ಲೂ ಕೆಲಸ ಮಾಡುವುದಿಲ್ಲ. ಟೈಪ್-ಸಿ ಆಕಾರದ ತೂತು ಇದ್ದ ಮಾತ್ರಕ್ಕೆ ಅದರಿಂದ ಚಿತ್ರ ಹೊರಬರುವುದಿಲ್ಲ. ಇಂಥ ಸರಳ ಕೇಬಲ್ ಕೆಲಸ ಮಾಡಲು ಫೋನಿನಲ್ಲಿ ‘ಡಿಸ್ಪ್ಲೇಪೋರ್ಟ್ ಆಲ್ಟ್ ಮೋಡ್’ ಇರಬೇಕು. ಕಡಿಮೆ ಬೆಲೆಯ ಫೋನುಗಳಲ್ಲಿ ಬಹುಪಾಲು ಅದು ಇರುವುದಿಲ್ಲ. ಕೊಳ್ಳುವ ಮುನ್ನ ಫೋನಿನ ವಿವರಪಟ್ಟಿ ನೋಡಿ. ಹಾಗೆಯೇ ಫೋನಿನ ಪರದೆಯನ್ನು ಟೀವಿಗೆ ಬಿಂಬಿಸಿದಾಗ ಯೂಟ್ಯೂಬ್ ಕಂಡು, ಹಣ ಕೊಟ್ಟು ನೋಡುವ ಆ್ಯಪ್ ಮಾತ್ರ ಕಪ್ಪಾಗಿ ಬರೀ ಶಬ್ದ ಬಂದರೆ ಅದು ಕೆಟ್ಟದ್ದಲ್ಲ. ನಕಲು ತಡೆಯಲು ಆ ಆ್ಯಪ್‌ ಬೇಕೆಂದೇ ಚಿತ್ರ ಮುಚ್ಚುತ್ತದೆ.

ಗುಡುಗು ಬಂದ ಮರುದಿನ

ಇಲ್ಲಿಯವರೆಗಿನದು ಹಣ, ಸಮಯದ ಮಾತು. ಇದು ಮಾತ್ರ ಜೀವದ ಮಾತು.

ಮುಂಗಾರಿಗೆ ಮುಂಚೆ, ಏಪ್ರಿಲ್-ಮೇ ತಿಂಗಳುಗಳಲ್ಲಿ ನಮ್ಮಲ್ಲಿ ಸಂಜೆ ಹೊತ್ತು ಗುಡುಗು-ಸಿಡಿಲಿನ ಮಳೆ ಸಾಮಾನ್ಯ. ಮರುದಿನ ಟೀವಿ ಆನ್ ಆಗುತ್ತದೆ, ಅದರೊಳಗಿನ ಆ್ಯಪ್‌ಗಳೆಲ್ಲ ಓಡುತ್ತವೆ, ಆದರೆ ಸೆಟ್‌ಟಾಪ್ ಬಾಕ್ಸ್ ಹಾಕಿದ ಎಚ್‌ಡಿಎಂಐ ಪೋರ್ಟ್ ಮಾತ್ರ ಸತ್ತಿರುತ್ತದೆ. ನೇರವಾಗಿ ಮನೆಗೆ ಸಿಡಿಲು ಬಡಿಯಬೇಕೆಂದಿಲ್ಲ. ಹತ್ತಿರ ಎಲ್ಲೋ ಬಿದ್ದರೂ ತಾರಸಿಯ ಡಿಶ್‌ನಿಂದ ಇಳಿದ ಅಥವಾ ಕಂಬದಿಂದ ಬಂದ ಕೇಬಲಿನಲ್ಲಿ ಕ್ಷಣಕಾಲ ವಿಪರೀತ ವೋಲ್ಟೇಜ್ ಹುಟ್ಟಬಹುದು. ಅದು ಬಾಕ್ಸಿಗೆ ನುಗ್ಗಿ, ಎಚ್‌ಡಿಎಂಐ ದಾರಿಯಲ್ಲಿ ರಿಸೀವರ್, ಟೀವಿಗಳಿಗೂ ಹೋಗುತ್ತದೆ. ‘ಸ್ಪೈಕ್ ಬಸ್ಟರ್ ಇದ್ದರೆ ಸಿಡಿಲಿನ ಭಯವಿಲ್ಲ’ ಎನ್ನುವ ನಂಬಿಕೆ ಅದಕ್ಕೇ ಅಪಾಯಕಾರಿ. ಸ್ಪೈಕ್ ಬಸ್ಟರ್ ಕಾಯುವುದು ಕರೆಂಟ್ ವೈರನ್ನು, ಅದೂ ಮನೆಯ ಅರ್ಥಿಂಗ್ ಸರಿಯಿದ್ದರೆ. ಡಿಶ್ ಕೇಬಲ್ ಅದರ ಮೂಲಕ ಹಾಯುವುದೇ ಇಲ್ಲ. ಸಿಡಿಲಿನಷ್ಟು ಶಕ್ತಿಯನ್ನು ತಡೆಯುವುದಂತೂ ಅದರ ಕೈಲಾಗದು.

ಮೋಡ ಕವಿಯುತ್ತಿರುವಾಗಲೇ ಟೀವಿ ಮತ್ತು ಬಾಕ್ಸಿನ ಪ್ಲಗ್ಗುಗಳನ್ನು ಸಾಕೆಟ್ಟಿನಿಂದ ಕಿತ್ತು, ಬಾಕ್ಸಿನ ಹಿಂದಿನ ಡಿಶ್ ಕೇಬಲನ್ನೂ ತಿರುಗಿಸಿ ತೆಗೆದುಬಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಗುಡುಗು ಶುರುವಾಗಿಬಿಟ್ಟಿದ್ದರೆ ಮಾತ್ರ ಯಾವ ವೈರನ್ನೂ ಮುಟ್ಟಲು ಹೋಗಬೇಡಿ, ತಾರಸಿಗಂತೂ ಹತ್ತಲೇಬೇಡಿ. ಟೀವಿ ಹೋದರೆ ಹೋಗಲಿ.

ಎಚ್‌ಡಿಎಂಐ ತುದಿಯನ್ನೋ ಬಾಕ್ಸಿನ ಲೋಹದ ಭಾಗವನ್ನೋ ಮುಟ್ಟಿದಾಗ ಸಣ್ಣಗೆ ಜುಮ್ಮೆನ್ನುವುದು ಅನೇಕರ ಅನುಭವ. ಎರಡೇ ಪಿನ್ನಿನ ಪ್ಲಗ್ ಇರುವ ಉಪಕರಣಗಳಲ್ಲಿ ಅರ್ಥ್ ಇಲ್ಲದ ಕಾರಣ, ಒಳಗಿನ ಕೆಪಾಸಿಟರುಗಳ ಮೂಲಕ ಅತಿ ಸಣ್ಣ ಸೋರಿಕೆ ಲೋಹದ ಮೈಗೆ ಬರುತ್ತದೆ. ಆ ಜುಮ್ಮು ಜೀವಕ್ಕೆ ಅಪಾಯವಲ್ಲ. ಆದರೆ ಸೂಕ್ಷ್ಮ ಎಚ್‌ಡಿಎಂಐ ಚಿಪ್‌ಗೆ ಅದು ಒಳ್ಳೆಯದಲ್ಲ. ಚಾಲೂ ಇರುವಾಗಲೇ ತೆಗೆದು ಹಾಕಲು ಎಚ್‌ಡಿಎಂಐನಲ್ಲಿ ಅವಕಾಶವಿದ್ದರೂ ಸ್ವಿಚ್ ಆಫ್ ಮಾಡಿಯೇ ಜೋಡಿಸಿ ಎಂದು ನಾವು ಹೇಳುವುದು ಅದಕ್ಕೆ. ಜುಮ್ಮೆನ್ನುವ ಬದಲು ಜೋರಾಗಿ ಶಾಕ್ ಹೊಡೆದರೆ, ಅಥವಾ ಫ್ರಿಜ್, ನಲ್ಲಿಗಳಲ್ಲೂ ಹಾಗೆ ಆಗುತ್ತಿದ್ದರೆ ಕರೆಯಬೇಕಾದವರು ಟೀವಿ ಮೆಕ್ಯಾನಿಕ್ ಅಲ್ಲ, ಎಲೆಕ್ಟ್ರಿಷಿಯನ್. ಅದೂ ಅವತ್ತೇ.

ಮೆಕ್ಯಾನಿಕ್ ಬಂದಾಗ

ಒಂದು ಪೋರ್ಟ್ ಸತ್ತಿದೆ, ಉಳಿದವು ಚೆನ್ನಾಗಿವೆ ಎಂದಾದರೆ ರಿಪೇರಿಯೇ ಬೇಕಿಲ್ಲ. ಬೇರೆ ಪೋರ್ಟಿಗೆ ಹಾಕಿ, ಪೋರ್ಟ್ ಸಾಲದಿದ್ದರೆ ಕೆಲವೇ ನೂರು ರೂಪಾಯಿಯ ಎಚ್‌ಡಿಎಂಐ ಸ್ವಿಚ್ ತನ್ನಿ. ಎಲ್ಲ ಪೋರ್ಟುಗಳೂ ಹೋಗಿದ್ದರೆ ಮಾತ್ರ ಅಂಗಡಿ. ಅಲ್ಲಿ ‘ಟೀವಿ ಬರುತ್ತಿಲ್ಲ’ ಎನ್ನುವ ಬದಲು ಏನೇನು ಪರೀಕ್ಷಿಸಿದಿರಿ ಎಂದು ಹೇಳಿ: ಮೆನು ಬರುತ್ತದೆ, ಮೂರೂ ಪೋರ್ಟಿನಲ್ಲಿ ನೋಡಿದೆವು, ಇದೇ ಬಾಕ್ಸ್ ಇದೇ ಕೇಬಲ್ ಪಕ್ಕದ ಮನೆಯ ಟೀವಿಯಲ್ಲಿ ಓಡುತ್ತದೆ, ಮೊನ್ನೆ ಗುಡುಗಿತ್ತು. ಇಷ್ಟು ಹೇಳಿದವರಿಗೆ ಸುಮ್ಮನೆ ಪ್ಯಾನೆಲ್ ಬದಲಿಸಿ ಎನ್ನುವುದು ಕಷ್ಟ. ಬೋರ್ಡ್ ಪೂರ್ತಿ ಬದಲಿಸದೆ ಪೋರ್ಟ್ ಅಥವಾ ಅದರ ಚಿಪ್ ಮಾತ್ರ ಬದಲಿಸಲು ಸಾಧ್ಯವೇ ಎಂದು ಕೇಳಿ. ಮಾಡಿಕೊಡುವ ಅಂಗಡಿಗಳಿವೆ. ಬದಲಿಸಿದರೆ ಹಳೆಯ ಬೋರ್ಡ್ ಕೈಗೆ ಪಡೆಯಿರಿ.

ಕಸ್ಟಮರ್ ಕೇರ್ ನಂಬರನ್ನು ಗೂಗಲಿನಲ್ಲಿ ಹುಡುಕಿ ಮೊದಲು ಸಿಕ್ಕಿದ್ದಕ್ಕೆ ಫೋನ್ ಮಾಡಬೇಡಿ, ಫಾರ್ವರ್ಡ್ ಆಗಿ ಬಂದ ನಂಬರಿಗೂ ಮಾಡಬೇಡಿ. ವಂಚಕರು ನಕಲಿ ಸಹಾಯವಾಣಿಗಳನ್ನು ಹಾಕಿರುತ್ತಾರೆ. ನಂಬರ್ ಬೇಕಿದ್ದರೆ ವಾರಂಟಿ ಕಾರ್ಡ್, ಟೀವಿಯ ಬಿಲ್ ಅಥವಾ ಕಂಪನಿಯ ಸ್ವಂತ ಜಾಲತಾಣದಲ್ಲಿ ನೋಡಿ. ‘ಟೀವಿ ಸರಿಮಾಡಲು ನಿಮ್ಮ ಫೋನಿನಲ್ಲಿ ಈ ಆ್ಯಪ್ ಹಾಕಿಕೊಳ್ಳಿ’, ‘ನೋಂದಣಿಗೆ ಹತ್ತು ರೂಪಾಯಿ ಕಳಿಸಿ, ಬಂದ ಓಟಿಪಿ ಹೇಳಿ’ ಎಂದರೆ ಮಾತು ಮುಂದುವರಿಸದೆ ಫೋನ್ ಇಡಿ. ಎಚ್‌ಡಿಎಂಐ ಪೋರ್ಟ್ ಸರಿಮಾಡಲು ನಿಮ್ಮ ಮೊಬೈಲಿನ ಪರದೆ ಯಾರಿಗೂ ಕಾಣಬೇಕಿಲ್ಲ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ ಬ್ಯಾಂಕಿಗೂ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೂ ತಿಳಿಸಿ.